ಟಮಗೊಚ್ಚಿನಾ, ನಿಯೋಪೆಟ್ಸಾ, ಪೋನಾ? ಮೂರೂ ಸಾಕಿ ನೋಡಿದ್ಮೇಲೆ

ಮೂರೂ ಸ್ಕ್ರೀನಲ್ಲಿ ಪ್ರಾಣಿ ಸಾಕೋ ಆಟಗಳು: ಟಮಗೊಚ್ಚಿ ಕೈಲಿ ಹಿಡಿಯೋ ಪುಟ್ಟ ಆಟಿಕೆ, ನಿಯೋಪೆಟ್ಸ್ ವೆಬ್‌ಸೈಟು, ಪೋ (Pou) ಮೊಬೈಲ್ ಆ್ಯಪು. ಮೊದ್ಲೇ ಹೇಳ್ಬಿಡ್ತೀನಿ, ಸಾಕೋ ಮಜಾನೇ ಬೇಕು ಅಂದ್ರೆ ಟಮಗೊಚ್ಚಿ ತಗೊಳ್ಳಿ. ಉಳಿದೆರಡ್ರಲ್ಲಿ ನೀವು ಪೂರ್ತಿ ಬಿಟ್ಟುಬಿಟ್ರೂ ಪ್ರಾಣಿ ಸಾಯಲ್ಲ.

ನನ್ನ ಹತ್ರ ಇರೋದು 1996ರಲ್ಲಿ ಜಪಾನಿನ ಬಂದಾಯ್ ಕಂಪನಿ ತಂದಿತ್ತಲ್ಲ, ಅದೇ ಹಳೇ ಟಮಗೊಚ್ಚಿನ ಈಚೆಗೆ ಮತ್ತೆ ಬಿಟ್ಟಿರೋದು. ಮೊಟ್ಟೆ ಆಕಾರ, ಮೂರೇ ಬಟನ್, ಚುಕ್ಕಿ ಚುಕ್ಕಿ ಸ್ಕ್ರೀನು. ಟೈಮ್ ಸೆಟ್ ಮಾಡಿ ಐದು ನಿಮಿಷಕ್ಕೆ ಮೊಟ್ಟೆ ಒಡಿಯತ್ತೆ, ಅಲ್ಲಿಂದ ಕಾಟ ಶುರು. ಹಸಿವಿಗೆ ನಾಲ್ಕು ಹಾರ್ಟು, ಖುಷಿಗೆ ನಾಲ್ಕು. ಊಟ ಕೊಟ್ರೆ ಹಸಿವಿನದ್ದು ತುಂಬತ್ತೆ, ಸ್ನ್ಯಾಕ್ಸ್ ಕೊಟ್ರೆ ಖುಷಿ ತುಂಬತ್ತೆ ಆದ್ರೆ ತೂಕನೂ ಏರತ್ತೆ, ಇಳಿಸ್ಬೇಕಂದ್ರೆ ಎಡಕ್ಕೆ ತಿರುಗತ್ತೋ ಬಲಕ್ಕೆ ತಿರುಗತ್ತೋ ಅಂತ ಊಹಿಸೋ ಆಟ ಆಡಿಸ್ಬೇಕು, ಐದರಲ್ಲಿ ಮೂರು ಸರಿ ಬಂದ್ರೆ ನೀವು ಗೆದ್ದಂಗೆ.

ಇದ್ರಲ್ಲಿ ನಂಗೆ ಸಖತ್ ಇಷ್ಟ ಆಗಿದ್ದು ಅದರ ನಾಟಕ. ಹೊಟ್ಟೆ ತುಂಬಿರತ್ತೆ, ಕಾಯಿಲೆ ಇಲ್ಲ, ಕಕ್ಕ ಮಾಡಿಲ್ಲ, ಆದ್ರೂ ಪೀಂ ಪೀಂ ಅಂತ ಕರಿಯತ್ತೆ, ಊಟ ಕೊಟ್ರೆ ತಲೆ ಆಡಿಸಿ ಬೇಡ ಅನ್ನತ್ತೆ. ಆಗ ಮುದ್ದು ಮಾಡ್ಬಾರ್ದು, ಗದರಿಸೋ ಐಕಾನ್ ಒತ್ಬೇಕು, ಇಲ್ಲಾಂದ್ರೆ ಶಿಸ್ತಿನ ಮೀಟರ್ ಮೇಲೇಳಲ್ಲ. ದೊಡ್ಡದಾದ್ಮೇಲೆ ಯಾವ ರೂಪ ಬರತ್ತೆ ಅನ್ನೋದು ಇದರ ಮೇಲೇನೇ: ಚೆನ್ನಾಗಿ ಸಾಕಿದ್ರೆ ಬುದ್ಧಿವಂತ ಮಾಮೆಚ್ಚಿ, ತೀರಾ ಕಡೆಗಣಿಸಿದ್ರೆ ದಪ್ಪ ತುಟಿಗೆ ಕಾಲು ಬಂದಂಗಿರೋ ತರಾಕೊಚ್ಚಿ. ಕೊನೆಗೆ ಸಾಯತ್ತೆ ಬೇರೆ. ಹಳೇ ಜಪಾನಿ ಮಾಡೆಲಲ್ಲಿ ಸಮಾಧಿ ಪಕ್ಕ ದೆವ್ವ ನಿಂತಿರತ್ತೆ, ಇಂಗ್ಲಿಷ್ ಮಾಡೆಲಲ್ಲಿ ಅದನ್ನ ಏಂಜಲ್ ಮಾಡಿ ತನ್ನ ಗ್ರಹಕ್ಕೆ ವಾಪಸ್ ಹೋಯ್ತು ಅಂತ ಸಮಾಧಾನ ಹೇಳಿದಾರೆ. ಆಟ ಸ್ವಲ್ಪ ಹೊತ್ತು ನಿಲ್ಲಿಸೋಕೆ ಬಟನ್ ಇಲ್ಲ, ಆದ್ರೆ ಗಡಿಯಾರ ಸೆಟ್ ಮಾಡೋ ಸ್ಕ್ರೀನಲ್ಲೇ ಬಿಟ್ರೆ ಟೈಮ್ ನಿಲ್ಲತ್ತೆ, ಕೆಲಸಕ್ಕೆ ಹೋಗೋರಿಗೆ ಅದೊಂದೇ ದಾರಿ.

ನಿಯೋಪೆಟ್ಸ್ ಕಥೆನೇ ಬೇರೆ. 1999ರಿಂದ ಇರೋ ಸೈಟು, ಬ್ರೌಸರಲ್ಲೇ ಆಡೋದು. ಪ್ರಾಣಿಗೆ ಊಟ ಹಾಕದೆ ಬಿಟ್ರೆ 'ಸಾಯ್ತಿದೆ' ಅಂತ ತೋರಿಸತ್ತೆ, ಆದ್ರೆ ಎಷ್ಟು ವರ್ಷ ಬಿಟ್ರೂ ಸಾಯಲ್ಲ, ಸಾಯ್ತಾನೇ ಇರತ್ತೆ ಪಾಪ. ದುಡ್ಡಿಲ್ಲದಿದ್ರೂ ನಡಿಯತ್ತೆ, ಟಿರಾನಿಯಾ ಅನ್ನೋ ಕಡೆ ದೈತ್ಯ ಆಮ್ಲೆಟ್ ಇದೆ, ದಿನಕ್ಕೊಂದು ತುಂಡು ಫ್ರೀ. ಜೆಲ್ಲಿ ವರ್ಲ್ಡ್ ಅಂತ ಒಂದು ಜಾಗ ಇದೆ, ಅದು ಇಲ್ವೇ ಇಲ್ಲ ಅಂತ ಸೈಟಿನೋರೇ ತಮಾಷೆಗೆ ಸಾಧಿಸ್ತಾರೆ, ಆದ್ರೆ ಅಲ್ಲಿಂದ ದಿನಾ ಜೆಲ್ಲಿ ಎತ್ಕೊಂಡು ಬರ್ಬೋದು! ಸ್ನೋವೇಜರ್ ಅನ್ನೋ ಹಿಮದ ಹಾವು ನಿಧಿ ಕಾಯ್ತಾ ಮಲ್ಗಿರತ್ತೆ, ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಗಾಢ ನಿದ್ದೆ, ಆಗ ಕದೀಬೇಕು. ಅಲ್ಲಿನ ಗಡಿಯಾರ ಅಮೆರಿಕದ ಪೆಸಿಫಿಕ್ ಟೈಮು, ನಮಗೆ ಅನುಕೂಲ ಆಗೋದು ಸಾಯಂಕಾಲ ಆರೂವರೆಯಿಂದ, ಅಮೆರಿಕದಲ್ಲಿ ಚಳಿಗಾಲಕ್ಕೆ ಗಡಿಯಾರ ಬದಲಾದಾಗ ಏಳೂವರೆಯಿಂದ. ಎದ್ರೆ ನಿಮ್ಮ ಪ್ರಾಣಿಗೆ ಐಸ್ ಏಟು ಬೀಳ್ಬೋದು.

ಆದ್ರೆ ಇಷ್ಟೆಲ್ಲಾ ಸುತ್ತೋದ್ರಲ್ಲಿ ಪ್ರಾಣಿ ಎಲ್ಲಿ? ಅದು ನೆಪ ಅಷ್ಟೇ. ಗುಪ್ತ ಲ್ಯಾಬಿನ ಮ್ಯಾಪ್ ಒಂಬತ್ತು ತುಂಡು ಕೂಡಿಸಿದ್ರೆ ದಿನಕ್ಕೊಂದು ಸಲ ಪ್ರಾಣಿಗೆ ಅಲ್ಲಿನ ಕಿರಣ ಹೊಡಿಸ್ಬೋದು, ಬಣ್ಣ, ಜಾತಿ, ಹೆಣ್ಣೋ ಗಂಡೋ ಅನ್ನೋದೂ ಬದಲಾಗ್ಬೋದು, ಎಲ್ಲಾ ಅದೃಷ್ಟ. ನೀವು ಸಾಕಿದ್ದಕ್ಕೂ ಅದು ಏನಾಗತ್ತೆ ಅನ್ನೋದಕ್ಕೂ ಸಂಬಂಧಾನೇ ಇಲ್ಲ.

ಪೋ ಬಗ್ಗೆ ಜಾಸ್ತಿ ಹೇಳೋಕಿಲ್ಲ. 2012ರ ಆ್ಯಪು, ಏಲಿಯನ್ ಅಂತೆ, ನೋಡೋಕೆ ಬೇಯಿಸಿದ ಆಲೂಗಡ್ಡೆ. ತಿನ್ಸು, ತೊಳಿ, ಆಟ ಆಡಿ ಕಾಯಿನ್ ಮಾಡು, ಟೋಪಿ ಕೊಡ್ಸು, ದೀಪ ಆರಿಸಿ ಮಲಗಿಸು. ಬಿಟ್ಟು ಹೋದ್ರೆ ಕೊಳಕಾಗಿ ಮುಖ ಸಪ್ಪಗೆ ಮಾಡ್ಕೊಂಡಿರತ್ತೆ, ಸಾವು ಗೀವು ಇಲ್ಲ. ದೊಡ್ಡೋರಿಗೆ ಎರಡೇ ದಿನಕ್ಕೆ ಬೋರು, ಸಣ್ಣ ಮಕ್ಕಳಿಗೆ ಮಾತ್ರ ಇದೇ ಸರಿ. ಅವರ ಕೈಗೆ ಟಮಗೊಚ್ಚಿ ಕೊಟ್ರೋ, ಅದು ಹೋದ ದಿನ ಅಳೋ ಮಗೂನ ಸಮಾಧಾನ ಮಾಡೋ ಡ್ಯೂಟಿ ನಿಮ್ಮದೇ.