ಅರ್ಥ ಸಿಗುತ್ತದೆ, ಉಚ್ಚಾರ ಸಿಗುವುದಿಲ್ಲ: ಒಂದು ಇಂಗ್ಲಿಷ್–ಇಂಗ್ಲಿಷ್–ಉರ್ದು ನಿಘಂಟು ಆಪ್ ಕುರಿತು

ಇಂಗ್ಲಿಷ್ ಪದಕ್ಕೆ ಮೊದಲು ಇಂಗ್ಲಿಷಿನಲ್ಲಿಯೇ ವಿವರಣೆ ಕೊಟ್ಟು, ಅದರ ಕೆಳಗೆ ಉರ್ದು ಅರ್ಥವನ್ನು ತೋರಿಸುವ ನಿಘಂಟಿನ ಆಪ್ ಒಂದನ್ನು ನಾನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಎಷ್ಟು ಪದಗಳಿವೆ, ಇಂಟರ್ನೆಟ್ ಇಲ್ಲದೆ ನಡೆಯುತ್ತದೆಯೇ ಎಂಬ ವಿವರಗಳೆಲ್ಲ ಆಪ್ ಇಳಿಸಿಕೊಳ್ಳುವ ಪುಟದಲ್ಲಿಯೇ ಇರುವುದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಉರ್ದು ಮನೆಮಾತಿನವರು ಇಂಗ್ಲಿಷ್ ಕಲಿಯಲೆಂದು ಇದನ್ನು ಮಾಡಿದ್ದಾರೆ. ನಾನು ಇದನ್ನು ತಿರುಗುಮುರುಗಾಗಿ, ಅಂದರೆ ಬಲ್ಲ ಇಂಗ್ಲಿಷಿನ ಮೂಲಕ ಅರೆಬರೆ ಬಲ್ಲ ಉರ್ದುವನ್ನು ತಲುಪಲು ಉಪಯೋಗಿಸುತ್ತೇನೆ. ಆದ್ದರಿಂದ ಮುಂದಿನ ಮೆಚ್ಚುಗೆಯನ್ನೂ ದೂರನ್ನೂ ಹೀಗೆ ತಿರುಗುಮುರುಗಾಗಿ ಬಳಸುವವನ ಮಾತೆಂದೇ ಓದಬೇಕು.

ನನ್ನ ಕ್ರಮ ಇಷ್ಟು. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಲ್ಲಿ ನಾಲ್ಕಾರು ಪದಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದಿಟ್ಟುಕೊಂಡು, ರಾತ್ರಿ ಊಟವಾದ ಮೇಲೆ ಅವನ್ನು ಒಂದೊಂದಾಗಿ ಹುಡುಕುತ್ತೇನೆ. ಪರದೆಯ ಕೆಳಭಾಗವನ್ನು ಹೆಬ್ಬೆರಳಿನಿಂದ ಮುಚ್ಚಿ ಇಂಗ್ಲಿಷ್ ವಿವರಣೆಯನ್ನಷ್ಟೇ ಓದುತ್ತೇನೆ. ಇದಕ್ಕೆ ಉರ್ದುವಿನಲ್ಲಿ ಏನಿರಬಹುದೆಂದು ಊಹಿಸಿ, ಆಮೇಲೆ ಬೆರಳು ತೆಗೆಯುತ್ತೇನೆ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಪದವನ್ನು ಎಡ ಅಂಚಿನಿಂದಲೂ ಉರ್ದು ಪದವನ್ನು ಬಲ ಅಂಚಿನಿಂದಲೂ ಬರೆದರೆ ಎರಡರ ನಡುವೆ ಒಂದಿಷ್ಟು ಜಾಗ ಉಳಿಯುತ್ತದೆ. ಅಲ್ಲಿ ಕನ್ನಡದ ಅರ್ಥ ಕೂರುತ್ತದೆ. ದಿನದ ಕೆಲಸಗಳಲ್ಲಿ ನಾನು ಯಾರ ಒತ್ತಾಯವೂ ಇಲ್ಲದೆ ಮಾಡುವುದು ಇದೊಂದನ್ನೇ.

ಮೊದಲು ಮೆಚ್ಚುಗೆಯ ಮಾತು. ಹಲವು ದ್ವಿಭಾಷಾ ನಿಘಂಟುಗಳು ಒಂದು ಪದದ ಎಲ್ಲ ಅರ್ಥಗಳನ್ನೂ ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಸುರಿದುಬಿಡುತ್ತವೆ. ಯಾವ ಸಂದರ್ಭಕ್ಕೆ ಯಾವ ಪದವೆಂದು ಓದುಗನೇ ಒದ್ದಾಡಬೇಕು. ಇಲ್ಲಿ ಪ್ರತಿಯೊಂದು ಉರ್ದು ಪದವೂ ತನಗೆ ಸಂಬಂಧಿಸಿದ ಇಂಗ್ಲಿಷ್ ವಿವರಣೆಯ ಕೆಳಗೇ ಇದೆ. ಉದಾಹರಣೆಗೆ ‘ಇಂಟರೆಸ್ಟ್’ ಎಂದು ಹುಡುಕಿದರೆ, ಒಂದು ವಿಷಯದ ಬಗೆಗಿನ ಆಸಕ್ತಿ ಎಂಬ ವಿವರಣೆಯ ಕೆಳಗೆ ‘ದಿಲ್‌ಚಸ್ಪಿ’, ಸಾಲದ ಮೇಲಿನ ಬಡ್ಡಿ ಎಂಬಲ್ಲಿ ‘ಸೂದ್’, ವ್ಯಕ್ತಿಯ ಅಥವಾ ಗುಂಪಿನ ಹಿತ ಎಂಬಲ್ಲಿ ‘ಮಫಾದ್’ ಬರುತ್ತವೆ. ಬ್ಯಾಂಕಿನ ಮಾತಿನಲ್ಲಿ ‘ದಿಲ್‌ಚಸ್ಪಿ’ ಎಂದು ಬರೆದು ನಗೆಪಾಟಲಾಗುವ ಅಪಾಯ ಅಲ್ಲಿಗೇ ತಪ್ಪುತ್ತದೆ. ಇಂಗ್ಲಿಷ್ ವಿವರಣೆಗಳೂ ಸರಳವಾಗಿವೆ. ಒಂದು ಕಠಿಣ ಪದವನ್ನು ಅದಕ್ಕಿಂತ ಕಠಿಣವಾದ ಇನ್ನೊಂದರಿಂದ ವಿವರಿಸುವ ಚಾಳಿ ಇಲ್ಲಿ ಕಡಿಮೆ.

ಕನ್ನಡಿಗನಿಗೆ ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಕೋರ್ಟು ಕಚೇರಿಯ ಇಂಗ್ಲಿಷ್ ಪದಗಳನ್ನು ಹುಡುಕಿದಾಗ ವಕೀಲ್, ಕಾನೂನ್, ಅರ್ಜಿ, ಹಾಜಿರ್ ಎಂದು ನಮಗೆ ಪರಿಚಿತವಾದ ಪದಗಳೇ ಎದುರಾಗುತ್ತವೆ, ಅರ್ಧ ಶ್ರಮ ಉಳಿಯುತ್ತದೆ. ಹಾಗೆಂದು ಕನ್ನಡದ ಅರ್ಥವನ್ನೇ ಎಲ್ಲೆಡೆ ನಂಬುವಂತಿಲ್ಲ. ಹುದ್ದೆ ಬಿಡುವುದಕ್ಕೆ ಉರ್ದುವಿನಲ್ಲಿ ‘ಇಸ್ತೀಫಾ’ ಎನ್ನುತ್ತಾರೆ. ‘ರಾಜೀನಾಮಾ’ ಎಂದರೆ ಅಲ್ಲಿ ಇಬ್ಬರ ನಡುವಿನ ಒಪ್ಪಂದದ ಪತ್ರ. ಇಂತಹ ಕಡೆಗಳಲ್ಲಿ ಮೇಲಿರುವ ಇಂಗ್ಲಿಷ್ ವಿವರಣೆಯೇ ದಾರಿ ತೋರಿಸುತ್ತದೆ.

ಇಷ್ಟೆಲ್ಲ ಚೆನ್ನಾಗಿರುವ ಆಪ್‌ನ ಮೇಲೆ ನನಗಿರುವ ಸಿಟ್ಟಿಗೆ ಕಾರಣ ಒಂದೇ: ಉರ್ದು ಅರ್ಥಗಳಿಗೆ ಸ್ವರಚಿಹ್ನೆಗಳೇ ಇಲ್ಲ. ಉರ್ದುವಿನಲ್ಲಿ ದೀರ್ಘ ಸ್ವರಗಳಿಗೆ ಅಕ್ಷರಗಳಿವೆ. ಹ್ರಸ್ವವಾದ ಅ, ಇ, ಉ ಸ್ವರಗಳನ್ನು ಜಬರ್, ಜೇರ್, ಪೇಶ್ ಎಂಬ ಸಣ್ಣ ಗುರುತುಗಳಿಂದ ಸೂಚಿಸಬೇಕು, ಆದರೆ ಸಾಮಾನ್ಯ ಬರಹದಲ್ಲಿ ಅವನ್ನು ಹಾಕುವುದಿಲ್ಲ. ಕಾಗುಣಿತವನ್ನು ಒಂದೂ ಬಿಡದೆ ಬರೆಯುವ ನಮಗೆ ಇದು ಬಹಳ ಕಷ್ಟ. ಮೀಮ್, ಲಾಮ್, ಕಾಫ್ ಎಂಬ ಮೂರು ಅಕ್ಷರಗಳನ್ನು ಸಾಲಾಗಿ ಬರೆದರೆ ಅದನ್ನು ದೇಶವೆಂಬ ಅರ್ಥದ ‘ಮುಲ್ಕ್’ ಎಂದು ಓದಬಹುದು, ರಾಜನೆಂಬ ಅರ್ಥದ ‘ಮಲಿಕ್’ ಎಂದು ಓದಬಹುದು, ದೇವದೂತನೆಂಬ ಅರ್ಥದ ‘ಮಲಕ್’ ಎಂದೂ, ಸ್ವತ್ತು ಎಂಬ ಅರ್ಥದ ‘ಮಿಲ್ಕ್’ ಎಂದೂ ಓದಬಹುದು. ಇಂಗ್ಲಿಷ್ ವಿವರಣೆಯಿಂದ ಇದು ದೇಶ ಎಂಬುದು ತಿಳಿಯುತ್ತದೆ, ನಿಜ. ಆದರೆ ದೇಶವನ್ನು ಸೂಚಿಸುವ ಆ ಮೂರು ಅಕ್ಷರಗಳನ್ನು ಬಾಯಿಬಿಟ್ಟು ಹೇಗೆ ಹೇಳಬೇಕೆಂಬುದು ಮಾತ್ರ ತಿಳಿಯುವುದಿಲ್ಲ. ಪದ ಜೋಡಿಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಪ್ರಧಾನಮಂತ್ರಿ ಎಂಬುದಕ್ಕೆ ಪರದೆಯ ಮೇಲೆ ಕಾಣುವುದು ‘ವಜೀರ್ ಆಜಮ್’ ಎಂಬ ಎರಡು ಬಿಡಿ ಪದಗಳು. ಅವನ್ನು ‘ವಜೀರ್-ಎ-ಆಜಮ್’ ಎಂದು ಬೆಸೆಯುವ ಆ ‘ಎ’ ಒಂದು ಜೇರ್ ಆಗಿರುವುದರಿಂದ ಅದೂ ಅಚ್ಚಿನಲ್ಲಿ ಮಾಯ.

ಇದಕ್ಕಿಂತ ಕೆಣಕುವ ಸಂಗತಿಯೆಂದರೆ, ಸ್ವರಚಿಹ್ನೆಗಳನ್ನು ಹಾಕುವ ಕೆಲಸ ಇದನ್ನು ಮಾಡಿದವರಿಗೆ ಗೊತ್ತಿಲ್ಲವೆಂದಲ್ಲ. ಪ್ರತಿ ಇಂಗ್ಲಿಷ್ ಪದದ ಪಕ್ಕದಲ್ಲಿ ಅದರ ಉಚ್ಚಾರವನ್ನು ಉರ್ದು ಲಿಪಿಯಲ್ಲಿ, ಜೇರ್ ಜಬರ್ ಪೇಶ್ ಸಮೇತ, ಮುತ್ತು ಪೋಣಿಸಿದಂತೆ ಬರೆದಿದ್ದಾರೆ. ನಮ್ಮಂತೆಯೇ ಉರ್ದುವಿನಲ್ಲಿಯೂ ಇಂಗ್ಲಿಷಿನ ಎರಡು ಬಗೆಯ ವಕಾರಗಳಿಗೆ ಇರುವುದು ಒಂದೇ ಅಕ್ಷರವಾದ್ದರಿಂದ ಬನಿಯನ್ನಿನ ‘ವೆಸ್ಟ್’ ಮತ್ತು ಪಶ್ಚಿಮದ ‘ವೆಸ್ಟ್’ ಎರಡೂ ಒಂದೇ ಆಗಿವೆ, ಅದಿರಲಿ. ಧ್ವನಿಯ ಗುಂಡಿಯೂ ಇಂಗ್ಲಿಷಿಗೆ ಮಾತ್ರ ಇದೆ. ಬ್ರಿಟಿಷ್ ಉಚ್ಚಾರ ಬೇಕೋ ಅಮೆರಿಕನ್ ಉಚ್ಚಾರ ಬೇಕೋ ಎಂದು ಕೇಳುವ ಆಪ್, ಉರ್ದು ಪದದ ಮುಂದೆ ತುಟಿ ಬಿಚ್ಚುವುದಿಲ್ಲ.

ಹೀಗಾಗಿ ನನ್ನ ರಾತ್ರಿಯ ಕೆಲಸಕ್ಕೆ ಇನ್ನೊಂದು ಹಂತ ಸೇರಿಕೊಂಡಿದೆ. ಉಚ್ಚಾರ ತಿಳಿಯದ ಪದವನ್ನು ಜಾನ್ ಟಿ. ಪ್ಲಾಟ್ಸ್ ಅವರ ಉರ್ದು–ಇಂಗ್ಲಿಷ್ ನಿಘಂಟಿನಲ್ಲಿ ಹುಡುಕುತ್ತೇನೆ. ಷಿಕಾಗೋ ವಿಶ್ವವಿದ್ಯಾಲಯವು ಅದನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಒದಗಿಸಿದೆ. 1884ರಲ್ಲಿ ಪ್ರಕಟವಾದ ಆ ನಿಘಂಟು ಉರ್ದು ಪದದ ಪಕ್ಕದಲ್ಲಿಯೇ ರೋಮನ್ ಲಿಪಿಯಲ್ಲಿ ಉಚ್ಚಾರವನ್ನು ಕೊಡುತ್ತದೆ. ಆದರೆ ಆಪ್‌ನಿಂದ ಪದವನ್ನು ನಕಲು ಮಾಡಿ ಬೇರೆಡೆ ಹುಡುಕಲು ಹೋದರೆ ಎಷ್ಟೋ ಬಾರಿ ಏನೂ ಸಿಗುವುದಿಲ್ಲ. ಅರಬ್ಬಿಯ ಕಾಫ್ ಮತ್ತು ಯೇ ಅಕ್ಷರಗಳಿಗೂ ಉರ್ದುವಿನ ಕಾಫ್ ಮತ್ತು ಯೇ ಅಕ್ಷರಗಳಿಗೂ ಯೂನಿಕೋಡಿನಲ್ಲಿ ಬೇರೆ ಬೇರೆ ಸಂಕೇತಗಳಿವೆ. ಪದದ ನಡುವೆ ಬಂದಾಗ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಆಗಿ ಕಂಡರೂ ಕಂಪ್ಯೂಟರಿಗೆ ಅವು ಬೇರೆಯೇ. ಈ ಆಪ್‌ನಲ್ಲಿ ಎರಡೂ ಬೆರೆತುಹೋಗಿವೆ. ಆದ್ದರಿಂದ ಉರ್ದು ಕೀಲಿಮಣೆಯಲ್ಲಿ ಪದವನ್ನು ಮತ್ತೆ ನಾನೇ ಟೈಪ್ ಮಾಡಬೇಕು.

ಅಕ್ಷರಗಳ ಅಂದದ ಬಗ್ಗೆ ದೊಡ್ಡ ತಕರಾರಿಲ್ಲ. ಓರೆಯಾಗಿ ಇಳಿಯುವ ನಸ್ತಾಲೀಖ್ ಬರಹಶೈಲಿಯ ಬದಲು ನೇರ ಸಾಲಿನ ನಸ್ಖ್ ಶೈಲಿಯನ್ನು ಬಳಸಿದ್ದಾರೆ. ಉರ್ದು ಪತ್ರಿಕೆ ಓದಿ ಬೆಳೆದವರಿಗೆ ಇದು ಹಿಡಿಸಲಿಕ್ಕಿಲ್ಲ. ಕಂಪ್ಯೂಟರಿಗೆ ನೂರಿ ನಸ್ತಾಲೀಖ್ ಎಂಬ ಫಾಂಟ್ ಬಂದದ್ದೇ 1981ರಲ್ಲಿ, ಅಲ್ಲಿಯವರೆಗೆ ಉರ್ದು ದಿನಪತ್ರಿಕೆಗಳ ಪುಟಗಳನ್ನು ಕಾತಿಬರು ಎಂಬ ಲಿಪಿಕಾರರು ಕೈಯಿಂದಲೇ ಬರೆಯುತ್ತಿದ್ದರು ಎಂಬುದನ್ನು ನೆನೆದರೆ, ಸಣ್ಣ ಪರದೆಯ ಈ ಕೊರತೆಯನ್ನು ನಾನು ಸಹಿಸಬಲ್ಲೆ. ಹೊಸದಾಗಿ ಕಲಿಯುವವರಿಗಂತೂ ನಸ್ಖ್ ಓದುವುದೇ ಸುಲಭ.

ಕಾಲ ಕಳೆದಂತೆ ನನ್ನ ಸಿಟ್ಟು ಸ್ವಲ್ಪ ಇಳಿದಿದೆ. ಉರ್ದು ಮನೆಮಾತಿನವರಿಗೆ ‘ಮುಲ್ಕ್’ ಎಂದು ಓದಲು ಪೇಶ್ ಬೇಕಿಲ್ಲ, ಅವರಿಗೆ ಬೇಕಾದದ್ದು ಇಂಗ್ಲಿಷಿನ ಉಚ್ಚಾರ; ಅದನ್ನು ಆಪ್ ಕೊಟ್ಟಿದೆ. ಜೊತೆಗೆ, ಅರಬ್ಬಿ ಮೂಲದ ಪದಗಳಿಗೆ ನಿಶ್ಚಿತವಾದ ಅಚ್ಚುಗಳಿರುವುದು ನೋಟ್‌ಬುಕ್ಕಿನ ಪುಟಗಳನ್ನು ತಿರುವುವಾಗ ತಾನಾಗಿಯೇ ಮನಸ್ಸಿಗೆ ಬಂತು. ತಸ್ವೀರ್, ತಕ್ಸೀಮ್, ತಹ್ರೀರ್ ಒಂದೇ ಅಚ್ಚಿನವು. ಮುಸಾಫಿರ್, ಮುಹಾಫಿಜ್, ಮುಖಾಲಿಫ್ ಇನ್ನೊಂದು ಅಚ್ಚಿನವು. ಅಚ್ಚು ಗೊತ್ತಾದರೆ ಬರೆಯದೆ ಬಿಟ್ಟ ಸ್ವರವನ್ನು ಎಷ್ಟೋ ಕಡೆ ತುಂಬಿಕೊಳ್ಳಬಹುದು. ಇದರ ಶ್ರೇಯಸ್ಸು ಆಪ್‌ಗೆ ಸೇರಬೇಕೋ ಪೆನ್ಸಿಲಿಗೋ ಎಂಬುದು ಬೇರೆ ಮಾತು.

ನಿಘಂಟಿಗೆ ತಿಂಗಳ ಚಂದಾ ಕಟ್ಟುವ ಮನಸ್ಸು ನನಗಿಲ್ಲ. ಇದು ಒಮ್ಮೆ ಹಣ ಕೊಟ್ಟರೆ ಜಾಹೀರಾತು ನಿಲ್ಲುವ ಆಪ್ ಆದದ್ದರಿಂದಲೇ ಕೊಂಡೆ, ಆ ಹಣ ವ್ಯರ್ಥವಾಗಿಲ್ಲ. ಉರ್ದು ಓದಲು ಸರಾಗವಾಗಿ ಬರುವವರು ಹಿಂದೆಮುಂದೆ ನೋಡದೆ ಕೊಳ್ಳಬಹುದು. ಲಿಪಿಯನ್ನು ಈಗಷ್ಟೇ ಕಲಿಯುತ್ತಿರುವ ಕನ್ನಡಿಗರು ಉಚ್ಚಾರ ತೋರಿಸುವ ಇನ್ನೊಂದು ನಿಘಂಟನ್ನು ಪಕ್ಕದಲ್ಲಿಟ್ಟುಕೊಳ್ಳಲೇಬೇಕು. ನನ್ನ ಲೆಕ್ಕದಲ್ಲಿ ಇದಕ್ಕೆ 5ರಲ್ಲಿ 3 ನಕ್ಷತ್ರ. ಸ್ವರಚಿಹ್ನೆ ಹಾಕಿರೆಂದು ತಯಾರಕರಿಗೆ ಬರೆದಿದ್ದೆ. ಇತ್ತೀಚಿನ ಅಪ್‌ಡೇಟ್‌ನಲ್ಲಿ ‘ಇಂದಿನ ಪದ’ ಎಂಬ ಒಂದು ವಿಭಾಗಕ್ಕೆ ಮಾತ್ರ ಅವು ಬಂದಿವೆ. ಉಳಿದ ಪದಗಳಿಗೆ ಯಾವಾಗ ಎಂದು ಮತ್ತೆ ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.