ಏಳು ವರ್ಷದ ಇಟ್ಟಿಗೆ ಸಂಗ್ರಹ: ದಯವಿಟ್ಟು ಕಿಟಕಿ ಪಕ್ಕ ಇಡಬೇಡಿ

ಮೊದಲು ಒಂದು ಕೆಲಸ ಮಾಡಿ. ನೀವು ಲೆಗೋ ಥರದ ಬಿಳಿ ಪ್ಲಾಸ್ಟಿಕ್ ಆಟದ ಇಟ್ಟಿಗೆಯಿಂದ ಜೋಡಿಸಿದ ಮಾದರಿ ಏನಾದರೂ ಬಿಸಿಲು ಬೀಳುವ ಕಿಟಕಿಯ ಪಕ್ಕ ಇದ್ದರೆ, ಎದ್ದು ಹೋಗಿ ಅದನ್ನು ಬೇರೆ ಕಡೆ ಇಟ್ಟು ಬನ್ನಿ. ಇದನ್ನು ಆಮೇಲೆ ಓದಿದರೂ ನಡೆಯುತ್ತದೆ. ನಾಲ್ಕೂವರೆ ವರ್ಷದ ಹಿಂದೆ ನನಗೆ ಯಾರಾದರೂ ಈ ಮಾತು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ನಾನು ಆಟದ ಇಟ್ಟಿಗೆಗಳನ್ನು ಕೂಡಿಡಲು ಶುರುಮಾಡಿ ಏಳು ವರ್ಷ ಆಯಿತು. ಆಗಲೇ ನನಗೆ ಮೂವತ್ತು ದಾಟಿತ್ತು. ಈಗ ಎರಡು ಗಾಜಿನ ಕಪಾಟು ತುಂಬಿದೆ, ಸುಮಾರು ನಲವತ್ತು ಮಾದರಿಗಳಿವೆ. ಎಲ್ಲವೂ ಒಂದೇ ಕಂಪನಿಯದ್ದಲ್ಲ. ಹೊಸ ಡಬ್ಬಿಗಳನ್ನು ನಾಲ್ಕು ತಿಂಗಳಿಗೊಂದರಂತೆ ಕೊಳ್ಳುತ್ತೇನೆ, ಅದಕ್ಕಿಂತ ಜಾಸ್ತಿ ನನ್ನ ಸಂಬಳಕ್ಕೆ ಆಗುವುದಿಲ್ಲ. ಉಳಿದದ್ದು ತೂಕದ ಲೆಕ್ಕದಲ್ಲಿ ಸಿಗುವ ಹಳೆಯ ಇಟ್ಟಿಗೆ. ಸೀಲ್ ಒಡೆಯದೆ ಇಟ್ಟು ಮುಂದೆ ಜಾಸ್ತಿ ಬೆಲೆಗೆ ಮಾರುವವರೂ ಇದ್ದಾರೆ. ನಾನು ಆ ಪೈಕಿ ಅಲ್ಲ. ಡಬ್ಬಿ ಮನೆಗೆ ಬಂದ ದಿನವೇ ತೆರೆಯುತ್ತೇನೆ. ಹಾಗಾಗಿ ಇದು ಕೈಯಲ್ಲಿ ಹಿಡಿದು ಬಳಸುವವನ ಮಾತು ಅಂತ ತಿಳಿದುಕೊಂಡು ಓದಿ.

ನನ್ನ ಪದ್ಧತಿ ಹೀಗಿದೆ. ರಾತ್ರಿ ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ ಅರ್ಧ ಗಂಟೆ. ಅಂಚಿರುವ ಒಂದು ಅಗಲ ತಟ್ಟೆ, ಅದರೊಳಗೆ ಹಳೆಯ ಟವೆಲ್. ಟವೆಲ್ ಯಾಕೆ ಅಂದರೆ ತುಂಡುಗಳು ಉರುಳುವುದಿಲ್ಲ, ಸದ್ದೂ ಆಗುವುದಿಲ್ಲ. ಡಬ್ಬಿಯಲ್ಲಿ ಪೊಟ್ಟಣಗಳಿಗೆ ನಂಬರ್ ಇರುತ್ತದಲ್ಲ, ದಿನಕ್ಕೆ ಒಂದೇ ಪೊಟ್ಟಣ. ಬೇಕೆನಿಸಿದರೂ ಎರಡನೆಯದಕ್ಕೆ ಕೈ ಹಾಕುವುದಿಲ್ಲ. ಪೊಟ್ಟಣ ಒಡೆದ ಕೂಡಲೇ ಜೋಡಿಸಲು ಹೋಗುವುದಿಲ್ಲ. ಮೊದಲು ಬಣ್ಣ ನೋಡಿ ಬೇರೆ ಮಾಡುತ್ತೇನೆ, ಆಮೇಲೆ ಅಳತೆ ನೋಡಿ. ತೀರಾ ಸಣ್ಣ ತುಂಡುಗಳಿಗೆ ಒಂದು ಮುಚ್ಚಳ. ಈ ವಿಂಗಡಣೆಗೇ ಹತ್ತು ನಿಮಿಷ ಹೋಗುತ್ತದೆ. ದಿನವಿಡೀ ತಲೆಯಲ್ಲಿ ಓಡುತ್ತಿದ್ದುದು ಆ ಹತ್ತು ನಿಮಿಷದಲ್ಲಿ ನಿಂತುಬಿಡುತ್ತದೆ. ಫೋನ್ ಪಕ್ಕದ ಕೋಣೆಯಲ್ಲಿರುತ್ತದೆ.

ಆಮೇಲೆ ಆ ಸದ್ದು. ಎರಡು ಇಟ್ಟಿಗೆ ಒಂದಕ್ಕೊಂದು ಕಚ್ಚಿಕೊಳ್ಳುವಾಗ ಬೆರಳಿಗೆ ಒಂದು ಸಣ್ಣ ಒತ್ತಡ ಗೊತ್ತಾಗುತ್ತದೆ, ಹಿಂದೆಯೇ ಟಕ್ ಅನ್ನುತ್ತದೆ. ನನಗೆ ಇದರಲ್ಲಿ ಇವತ್ತಿಗೂ ಬೇಸರ ಬಂದಿಲ್ಲ. ಈ ಕಚ್ಚುವಿಕೆಯ ಹಿಂದೆ ದೊಡ್ಡ ಕಥೆ ಇದೆ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿ 1932ರಲ್ಲಿ ಶುರುಮಾಡಿದ ಕೆಲಸವೇ ಮುಂದೆ ಲೆಗೋ ಆಯಿತು. ಮೊದಲು ಮಾಡುತ್ತಿದ್ದುದು ಮರದ ಆಟಿಕೆ. ಪ್ಲಾಸ್ಟಿಕ್ ಇಟ್ಟಿಗೆ ಬಂದದ್ದು 1949ರಲ್ಲಿ. ಅದರ ಹೊಟ್ಟೆ ಟೊಳ್ಳಾಗಿತ್ತು, ಕಟ್ಟಿದ್ದು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. 1958ರಲ್ಲಿ ಹೊಟ್ಟೆಯೊಳಗೆ ಕೊಳವೆ ಸೇರಿಸಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಒಂದು ಇಟ್ಟಿಗೆಯ ತಲೆಯ ಮೇಲಿನ ಗುಬುಟು (ದುಂಡನೆಯ ಉಬ್ಬು) ಇನ್ನೊಂದರ ಹೊಟ್ಟೆಯ ಕೊಳವೆಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುತ್ತದೆ, ಅಷ್ಟೇ ವಿಷಯ. ಆದರೆ ಅಚ್ಚಿನಲ್ಲಿ ಮಿಲಿಮೀಟರಿನ ನೂರರಲ್ಲಿ ಒಂದು ಭಾಗದಷ್ಟೂ ವ್ಯತ್ಯಾಸ ಬರಬಾರದು. ಅಂದಿನ ಇಟ್ಟಿಗೆ ಇಂದಿನದಕ್ಕೂ ಕೂರುತ್ತದೆ. ನನ್ನ ಹಳೆಯ ಮೂಟೆಯಲ್ಲಿ ಎಷ್ಟು ವರ್ಷದ್ದೋ ಏನೋ, ಅಂಚು ಸವೆದ ಕೆಂಪು ತುಂಡುಗಳಿವೆ. ಹೊಸದರ ಮೇಲೆ ಒತ್ತಿದರೆ ಅವೂ ಟಕ್ ಅನ್ನುತ್ತವೆ.

ಎಂಟು ಗುಬುಟಿನ ಒಂದೇ ಬಣ್ಣದ ಎರಡು ಇಟ್ಟಿಗೆಯನ್ನು 24 ರೀತಿಯಲ್ಲಿ ಜೋಡಿಸಬಹುದು. ಆರು ಇಟ್ಟಿಗೆ ಕೊಟ್ಟರೆ ಲೆಕ್ಕ 91,51,03,765ಕ್ಕೆ ಹೋಗುತ್ತದೆ. ಬರೀ ಆರು! ಹಾಗಾಗಿ ದುಡ್ಡು ಕಡಿಮೆ ಇದ್ದವರು ದೊಡ್ಡ ಡಬ್ಬಿ ನೋಡಿ ಬೇಜಾರು ಮಾಡಿಕೊಳ್ಳಬೇಕಿಲ್ಲ. ಒಂದು ಮೂಟೆ ಹಳೆಯ ಇಟ್ಟಿಗೆ ತಂದರೂ ಸಾಕು.

ಜೋಡಿಸುವಾಗ ಸಿಗುವ ಸಣ್ಣ ಸಣ್ಣ ಅಚ್ಚರಿಗಳನ್ನೂ ಹೇಳಬೇಕು. 2021ರಲ್ಲಿ ಲೆಗೋದ ಬೋನ್ಸಾಯ್ ಮರ ಬಂತು. ದೂರದಿಂದ ನೋಡಿದರೆ ಕೊಂಬೆ ತುಂಬ ಗುಲಾಬಿ ಹೂವು. ಹತ್ತಿರ ಹೋಗಿ ನೋಡಿದರೆ ಹೂವಿನ ನಡುವೆ ಎಲ್ಲಾ ಪುಟ್ಟ ಕಪ್ಪೆಗಳು! ಬೇರೆಲ್ಲೋ ಬಳಸುತ್ತಿದ್ದ ಕಪ್ಪೆಯ ತುಂಡನ್ನೇ ಗುಲಾಬಿ ಬಣ್ಣದಲ್ಲಿ ಅಚ್ಚು ಹಾಕಿ ಹೂವು ಮಾಡಿದ್ದಾರೆ. ಯಾರೋ ಒಬ್ಬರು ಕೂತು ಇದನ್ನು ಯೋಚಿಸಿದ್ದಾರೆ ಅಂದುಕೊಂಡರೇ ಖುಷಿಯಾಗುತ್ತದೆ. ಮನೆಗೆ ಬಂದವರಿಗೆಲ್ಲ ನಾನು ಮೊದಲು ತೋರಿಸುವುದು ಅದನ್ನೇ.

ಈಗ ಮೊದಲು ಹೇಳಿದ ಕಿಟಕಿಯ ಮಾತಿಗೆ, ಅಂದರೆ ನನ್ನ ದೀಪಸ್ತಂಭದ (ಲೈಟ್‌ಹೌಸ್) ವಿಷಯಕ್ಕೆ ಬರುತ್ತೇನೆ.

ಹವ್ಯಾಸ ಶುರುವಾಗಿ ಎರಡೂವರೆ ವರ್ಷಕ್ಕೆ ಜೋಡಿಸುವ ಕ್ರಮ ತೋರಿಸುವ ಯಾವ ಪುಸ್ತಿಕೆಯೂ ಇಲ್ಲದೆ ನಾನೇ ಯೋಚಿಸಿ ಕಟ್ಟಿದ ಮೊದಲ ಮಾದರಿ ಅದು. ಚೌಕ ಬುಡ, ಮೇಲೆ ಹೋದಂತೆ ಸಣ್ಣದಾಗುವ ಬಿಳಿ ಗೋಪುರ, ನಡುವೆ ಎರಡು ಕೆಂಪು ಪಟ್ಟಿ, ತುದಿಯಲ್ಲಿ ದೀಪದ ಕೋಣೆ. ಒಟ್ಟು 52 ವರಸೆ. ಒಂದು ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಅರ್ಧ ಮೀಟರ್ ಗೋಪುರ. ಗಾರೆ ಕೆಲಸದವರು ಕಟ್ಟುವ ಹಾಗೆ ಕೆಳಗಿನ ಎರಡು ಇಟ್ಟಿಗೆಯ ಸಂದಿನ ಮೇಲೆ ಮೇಲಿನದರ ನಡು ಬರುವಂತೆ ಕಟ್ಟಿದ್ದೆ. ಬಿಳಿ ಇಟ್ಟಿಗೆ ಸಾಲದೆ ಐದು ತಿಂಗಳು ಕಾದಿದ್ದೇನೆ. ಮುಗಿದ ಮೇಲೆ ಅದಕ್ಕೆ ಮನೆಯಲ್ಲೇ ಒಳ್ಳೆಯ ಜಾಗ ಕೊಡಬೇಕು ಅನ್ನಿಸಿತು. ಕಿಟಕಿಯ ಪಕ್ಕ ಇಟ್ಟೆ. ಮುಂದೆ ಹಸಿರು ಇಟ್ಟಿಗೆಯ ಒಂದು ಮರ ನಿಲ್ಲಿಸಿದೆ. ಸಂಜೆಯ ಬೆಳಕು ಅದರ ಮೇಲೆ ಬಿದ್ದಾಗ ಎಷ್ಟು ಚಂದ ಕಾಣುತ್ತಿತ್ತು!

ಮೂರು ವರ್ಷ ಅಲ್ಲೇ ಇತ್ತು. ವಾರಕ್ಕೊಮ್ಮೆ ಬ್ರಷ್‌ನಿಂದ ಧೂಳು ಒರೆಸುತ್ತಿದ್ದೆ. ಮೆತ್ತಗಿನ ಅಗಲ ಬ್ರಷ್, ಮುಖಕ್ಕೆ ಪೌಡರ್ ಹಚ್ಚಿಕೊಳ್ಳುವಂಥದ್ದು, ಇದಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಮರವನ್ನು ಮಾತ್ರ ಸರಿಸದೆ ಸುತ್ತಲೂ ಒರೆಸುತ್ತಿದ್ದೆ. ಒಂದು ದಿನ ಅಕ್ಕನ ಮಗಳು ಬಂದವಳು ಆಡಲು ಅಂತ ಆ ಮರವನ್ನು ಎತ್ತಿಕೊಂಡಳು. ಎತ್ತಿಕೊಂಡು ಅಲ್ಲೇ ನಿಂತಳು. "ಮಾಮ, ಮರ ತೆಗೆದರೂ ಗೋಡೆ ಮೇಲೆ ಮರ ಹಾಗೇ ಇದೆ" ಅಂದಳು.

ಹೋಗಿ ನೋಡಿದೆ. ಬಿಳಿ ಅಂದುಕೊಂಡಿದ್ದ ಗೋಪುರದ ಗೋಡೆ ಹಳೆಯ ಕಾಗದದ ಬಣ್ಣಕ್ಕೆ ತಿರುಗಿತ್ತು. ಮರ ನಿಂತಿದ್ದ ಕಡೆ ಮಾತ್ರ, ಅಂಚು ಸ್ವಲ್ಪ ಮಸುಕಾದ, ಅಚ್ಚ ಬಿಳಿಯ ಒಂದು ಮರ. ಇಷ್ಟು ದಿನ ದಿನಾ ನೋಡುತ್ತಿದ್ದುದರಿಂದ ನನಗೆ ಅದು ಗೊತ್ತೇ ಆಗಿರಲಿಲ್ಲ. ಮೇಲಿಂದ ಒಂದು ಇಟ್ಟಿಗೆ ಬಿಚ್ಚಿದೆ. ಹೊರಮೈ ಹಳದಿ, ಒಳಗೆ ಮುಚ್ಚಿಹೋಗಿದ್ದ ಭಾಗ ಹಾಲಿನ ಹಾಗೆ ಬೆಳ್ಳಗೆ. ನಿಜ ಹೇಳುತ್ತೇನೆ, ತುಂಬಾ ಸಂಕಟ ಆಯಿತು. ಐದು ತಿಂಗಳು ಕಾದು ಕಟ್ಟಿದ್ದು. ಮೂರು ವಾರ ನಾನು ಯಾವ ಪೊಟ್ಟಣವನ್ನೂ ಒಡೆಯಲಿಲ್ಲ.

ಕಾರಣ ತಿಳಿದುಕೊಂಡೆ. ಈ ಇಟ್ಟಿಗೆ ಎಬಿಎಸ್ ಎಂಬ ಪ್ಲಾಸ್ಟಿಕ್‌ನದ್ದು. ಲೆಗೋ 1963ರಲ್ಲಿ ಹಳೆಯ ಪ್ಲಾಸ್ಟಿಕ್ ಬಿಟ್ಟು ಇದಕ್ಕೆ ಬಂತು, ಯಾಕೆಂದರೆ ಇದು ಸೊಟ್ಟಗಾಗುವುದು ಕಡಿಮೆ, ಬಣ್ಣವೂ ಚೆನ್ನಾಗಿ ನಿಲ್ಲುತ್ತದೆ. ಆದರೆ ಎಬಿಎಸ್‌ನಲ್ಲಿರುವ ಬ್ಯುಟಡೈನ್ ಎಂಬ ಅಂಶ ಬಿಸಿಲಿನ ನೇರಳಾತೀತ ಕಿರಣಕ್ಕೆ ಸಿಕ್ಕರೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಹಳದಿಯಾಗುತ್ತದೆ. ಬಿಳಿ, ತಿಳಿ ಬೂದು, ನೀಲಿಯಲ್ಲಿ ಬೇಗ ಎದ್ದು ಕಾಣುತ್ತದೆ. ಕಿಟಕಿಗೆ ಗಾಜಿದೆಯಲ್ಲ ಅಂತ ನಾನು ನಂಬಿದ್ದೆ. ಸಾಮಾನ್ಯ ಗಾಜು ಈ ಕಿರಣದಲ್ಲಿ ಒಂದು ಭಾಗವನ್ನು ಮಾತ್ರ ತಡೆಯುತ್ತದೆ, ಉಳಿದದ್ದು ಸಲೀಸಾಗಿ ಒಳಗೆ ಬರುತ್ತದೆ. ಕಪಾಟಿನ ಗಾಜಿಗೂ ಇದೇ ಮಾತು.

ಮೂರು ವಾರದ ಮೇಲೆ ಗೋಪುರವನ್ನು ಕೆಳಗಿಳಿಸಿದೆ. ಬಿಚ್ಚುವುದೂ ದಿನಕ್ಕೆ ಅರ್ಧ ಗಂಟೆಯೇ, ಎಂಟು ರಾತ್ರಿ ಹಿಡಿಯಿತು. ಒಂದು ಸಮಾಧಾನ ಅಲ್ಲಿಂದಲೇ ಶುರುವಾಯಿತು. ಬಣ್ಣ ಹೋಗಿತ್ತು, ಹಿಡಿತ ಹೋಗಿರಲಿಲ್ಲ. ಒಂದೊಂದನ್ನೂ ಬಿಚ್ಚುವ ಸಲಕರಣೆ ಹಾಕಿ ಎಬ್ಬಿಸಬೇಕಾಯಿತು. ದಯವಿಟ್ಟು ಹಲ್ಲು ಹಾಕಬೇಡಿ, ಚಾಕು ಬಳಸಬೇಡಿ. ಇಟ್ಟಿಗೆಯ ಅಂಚಿನಲ್ಲಿ ಬಿದ್ದ ಗುರುತು ಮತ್ತೆ ಹೋಗುವುದಿಲ್ಲ.

ತೊಳೆಯುವುದಕ್ಕೆ ಸೂಕ್ಷ್ಮ ಬಟ್ಟೆ ಒಗೆಯುವ ಬಲೆ ಚೀಲ ತಗೊಂಡೆ. ಉಗುರುಬೆಚ್ಚಗಿನ ನೀರು, 40 ಡಿಗ್ರಿಗಿಂತ ಜಾಸ್ತಿ ಬೇಡ, ಬಿಸಿ ಹೆಚ್ಚಾದರೆ ಆಕಾರ ಕೆಡಬಹುದು. ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ. ಚೀಲದಲ್ಲಿ ಹಾಕಿ ಮೆಲ್ಲಗೆ ಅಲ್ಲಾಡಿಸಿದರೆ ಮೂರು ವರ್ಷದ ಧೂಳು ನೀರಿಗೆ ಇಳಿಯುತ್ತದೆ. ಅಂಟಿಸಿದ ಚಿತ್ರ ಇರುವ ತುಂಡು, ವೈರು ಇರುವ ತುಂಡು ನೀರಿಗೆ ಹಾಕುವಂತಿಲ್ಲ. ಪಾರದರ್ಶಕ ತುಂಡುಗಳನ್ನು ಬೇರೆಯಾಗಿ ತೊಳೆಯಿರಿ, ಉಳಿದವುಗಳ ಜೊತೆ ಉಜ್ಜಿದರೆ ಗೀರು ಬೀಳುತ್ತದೆ. ಒಣಗಿಸುವುದೇ ನಿಧಾನದ ಕೆಲಸ. ಕೊಳವೆಯ ಸುತ್ತ ನೀರು ನಿಂತುಬಿಡುತ್ತದೆ. ಟವೆಲ್ ಮೇಲೆ ಗುಬುಟು ಮೇಲೆ ಮಾಡಿ ಒಂದು ದಿನ, ಕೆಳಗೆ ಮಾಡಿ ಒಂದು ದಿನ, ನೆರಳಿನಲ್ಲಿ. ಸಾಲಾಗಿ ಹರಡಿದ ಆ ಇಟ್ಟಿಗೆಗಳನ್ನು ಮಗುಚಿ ಹಾಕುತ್ತಾ ಕೂರುವುದು ಈಗ ನನಗೆ ವರ್ಷಕ್ಕೊಮ್ಮೆ ಕಾಯುವ ಕೆಲಸ ಆಗಿದೆ.

ಹಳದಿ ತೆಗೆಯಲು ಔಷಧಿ ಅಂಗಡಿಯಲ್ಲಿ ಸಿಗುವ 3 ಶೇಕಡ ಹೈಡ್ರೋಜನ್ ಪೆರಾಕ್ಸೈಡ್ ಬಳಸಿದೆ. ಗಾಜಿನ ಭರಣಿಯಲ್ಲಿ ಇಟ್ಟಿಗೆ ಮುಳುಗುವಷ್ಟು ಹಾಕಿ, ಮುಚ್ಚಳ ಬಿಗಿ ಮಾಡದೆ, ಬಿಸಿಲಿಗೆ ಇಟ್ಟೆ. ಹಳದಿ ಮಾಡಿದ ಬಿಸಿಲೇ ಇಲ್ಲಿ ಬೆಳ್ಳಗೆ ಮಾಡುವುದಕ್ಕೂ ಬೇಕು. ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಗುಳ್ಳೆ ಕಟ್ಟಿ ಇಟ್ಟಿಗೆ ತೇಲುತ್ತದೆ, ತೇಲಿದ ಭಾಗಕ್ಕೆ ಗೆರೆ ಬೀಳುತ್ತದೆ, ಹಾಗಾಗಿ ಆಗಾಗ ಅಲ್ಲಾಡಿಸಬೇಕು. ಎರಡು ದಿನಕ್ಕೆ ಬಹುಪಾಲು ಬೆಳ್ಳಗಾದವು. ಕೆಲವು ಕೆನೆಯ ಬಣ್ಣಕ್ಕೆ ನಿಂತವು. ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ: ಇದು ಶಾಶ್ವತ ಅಲ್ಲ. ಒಂದೂವರೆ ವರ್ಷ ಆಗಿದೆ, ನೆರಳಿನಲ್ಲೇ ಇದ್ದರೂ ಕೆಲವು ತುಂಡುಗಳಲ್ಲಿ ತಿಳಿ ಹಳದಿ ಮತ್ತೆ ಬಂದಿದೆ. ನಾನು ಎರಡನೇ ಸಲ ಮಾಡಲು ಹೋಗಿಲ್ಲ.

ಆ ಮರದ ಗುರುತಿದ್ದ ಭಾಗವನ್ನು ಮಾತ್ರ ಭರಣಿಗೆ ಹಾಕಲಿಲ್ಲ. ಹಾಕಬಾರದು ಅಂತ ಅಕ್ಕನ ಮಗಳ ಅಪ್ಪಣೆ. ಬಿಚ್ಚುವ ಮೊದಲು ಫೋಟೋ ತೆಗೆದು, ಹನ್ನೊಂದು ವರಸೆಯ ಪ್ರತಿ ಇಟ್ಟಿಗೆಯ ಒಳಮೈಗೂ ನಂಬರ್ ಬರೆದ ಟೇಪ್ ಅಂಟಿಸಿದೆವು. ಬರೆದದ್ದು ಅವಳು. ತಿರುಗಿ ಕಟ್ಟುವಾಗ ನಂಬರ್ ಓದಿ ಓದಿ ಕೊಟ್ಟದ್ದೂ ಅವಳೇ. ಪುಸ್ತಿಕೆ ನೋಡಿ ಎಷ್ಟೋ ಮಾದರಿ ಕಟ್ಟಿದ್ದೇನೆ, ಅಷ್ಟು ಹುಷಾರಾಗಿ ಯಾವುದನ್ನೂ ಕಟ್ಟಿಲ್ಲ. ಉಳಿದ ಕೆನೆಬಣ್ಣದ ಇಟ್ಟಿಗೆಗಳನ್ನು ಬುಡಕ್ಕೆ ಹಾಕಿ, ಮೇಲೆ ಹೋದಂತೆ ಬೆಳ್ಳಗಿನವನ್ನು ಬಳಸಿದೆ. ಉಪ್ಪುಗಾಳಿಗೆ ಬುಡ ಮಾಸಿದ ನಿಜವಾದ ದೀಪಸ್ತಂಭದ ಹಾಗೆ ಕಾಣುತ್ತದೆ. ಹೊಸದಾಗಿ ಕಟ್ಟಿದ್ದಕ್ಕಿಂತ ಇದೇ ನನಗೆ ಇಷ್ಟ.

ಹಳೆಯ ಇಟ್ಟಿಗೆ ತೂಕಕ್ಕೆ ಕೊಳ್ಳುವವರಿಗೆ ಒಂದು ಮಾತು. ಲೆಗೋ 2004ರ ಹೊತ್ತಿಗೆ ತನ್ನ ಬೂದು ಬಣ್ಣಗಳನ್ನೇ ಬದಲಾಯಿಸಿತು, ಹೊಸದರಲ್ಲಿ ಸ್ವಲ್ಪ ನೀಲಿ ಛಾಯೆ ಇದೆ. ದೀಪದ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕಟ್ಟಿದ ಮೇಲೆ ಹಗಲಲ್ಲಿ ನೋಡಿದರೆ ಗೋಡೆ ತುಂಬ ತೇಪೆ. ಬೂದು ಬಣ್ಣವನ್ನು ಹಗಲಲ್ಲೇ ವಿಂಗಡಿಸಿ.

ಕಪಾಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾನು ಕೊಂಡ ಕಪಾಟಿನ ಗಾಜಿನ ಬಾಗಿಲಿಗೂ ಚೌಕಟ್ಟಿಗೂ ನಡುವೆ ಉಗುರು ಹೋಗುವಷ್ಟು ಸಂದು ಇತ್ತು, ಅಷ್ಟರಲ್ಲೇ ಧೂಳು ಬರುತ್ತಿತ್ತು. ಅಂಚಿಗೆ ಸ್ಪಂಜಿನ ಟೇಪ್ ಅಂಟಿಸಿದ ಮೇಲೆ ವಾರದ ಕೆಲಸ ತಿಂಗಳಿಗೊಮ್ಮೆ ಆಯಿತು. ಒಳಗೆ ಎಲ್‌ಇಡಿ ಪಟ್ಟಿ ಹಾಕಿದ್ದೇನೆ, ಬಿಸಿಲಿನ ಆಸೆ ಅದರಲ್ಲೇ ತೀರುತ್ತದೆ.

ಅಂಕ ಕೇಳಿದರೆ ಇಟ್ಟಿಗೆಗೆ ಐದಕ್ಕೆ ನಾಲ್ಕೂವರೆ. ಆ ಅರ್ಧ ಕಡಿಮೆ ಮಾಡಿದ್ದು ಬಿಳಿ ಬಣ್ಣಕ್ಕೆ.

ದೀಪಸ್ತಂಭ ಈಗ ಕಿಟಕಿಯಿಂದ ದೂರದ ಒಳಗೋಡೆಯ ಪಕ್ಕ ಇದೆ, ಮರದ ಗುರುತು ಹೊರಮುಖವಾಗಿ. ಹಸಿರು ಮರವನ್ನು ಅಕ್ಕನ ಮಗಳು ತನ್ನ ಜೊತೆ ತೆಗೆದುಕೊಂಡು ಹೋದಳು. ಹೋದ ವಾರ ಫೋನ್ ಮಾಡಿದ್ದಳು, ಅದನ್ನು ಕಿಟಕಿಯ ಹತ್ತಿರ ಇಟ್ಟಿಲ್ಲ ಅಂತ ಹೇಳುವುದಕ್ಕೆ.