ಡ್ರಾಯಿಂಗ್, ಕ್ರಾಫ್ಟ್ ಪುಸ್ತಕ ವಾಟ್ಸಾಪಲ್ಲಿ ತರಿಸುವವರೇ, ಮೊದಲು ಸ್ಕೇಲ್ ಹಿಡಿಯಿರಿ

ಉಡುಪಿ, ಮಣಿಪಾಲ ಕಡೆಯ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಾ ಉಂಟು. ಡ್ರಾಯಿಂಗ್, ಕಾಮಿಕ್ಸ್, ಪೇಪರ್ ಕ್ರಾಫ್ಟ್ ಕಲಿಸುವ ಮೂರು "ಒರಿಜಿನಲ್" ಪುಸ್ತಕ, ಸೆಟ್ಟಿಗೆ 1,400. ನಾನು ತರಿಸಿ ಆಯ್ತು, ನೀವು ತರಿಸಬೇಡಿ. ಮೇಲಿಂದ 5 ಪರ್ಸೆಂಟ್ ಜಿಎಸ್‌ಟಿ ಅಂತ 70 ರೂಪಾಯಿ ಬೇರೆ! ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿಯೇ ಇಲ್ಲ ಮಾರಾಯ್ರೆ. ಗೊತ್ತಿದ್ದೂ ಕೊಟ್ಟೆ, ಉರಿಯುವುದು ಅದಕ್ಕೇ.

ಮುಖಪುಟ ನೋಡಿದರೆ ಮಿರಿಮಿರಿ. ಕ್ರಾಫ್ಟ್ ಪುಸ್ತಕದಲ್ಲಿ ಡಬ್ಬಿ ಮಾಡಲು ಕತ್ತರಿಸಿ ಮಡಿಸುವ ನಕ್ಷೆ ಇರ್ತದಲ್ಲ, ಆ ಟೆಂಪ್ಲೇಟ್ ಪುಟದ ಮೂಲೆಯಲ್ಲಿ ಒಂದು ಸಣ್ಣ ಗೆರೆ, ಅದರ ಕೆಳಗೆ "5 ಸೆಂ.ಮೀ." ಅಂತ ಇಂಗ್ಲಿಷಲ್ಲಿ ಬರೆದಿತ್ತು. ಸ್ಕೇಲ್ ಇಟ್ಟೆ. ಮೂರೂವರೆ. ಬೇರೆ ಸ್ಕೇಲ್ ತಂದು ಇಟ್ಟೆ. ಮೂರೂವರೆಯೇ! ಎ4 ಪುಸ್ತಕವನ್ನು ಸ್ಕ್ಯಾನ್ ಮಾಡಿ ಎ5ಗೆ ಇಳಿಸಿ ಹೊಡೆದಿದ್ದಾರೆ. ಹಾಗೆ ಇಳಿಸಿದರೆ ಪ್ರತಿ ಅಳತೆಯೂ 71 ಪರ್ಸೆಂಟಿಗೆ ಇಳೀತದೆ.

ಮಾರಿದವರನ್ನು ಕೇಳಿದ್ದಕ್ಕೆ ಬಂದ ಉತ್ತರ: "ಚಿಕ್ಕ ಬಾಕ್ಸ್ ಆಗ್ತದೆ, ಅಷ್ಟೇ ಅಲ್ವಾ ಅಕ್ಕ?"

ಅಷ್ಟೇ ಅಲ್ಲ. ಡಬ್ಬಿ 80 ಮಿ.ಮೀ. ಇದ್ದರೆ ಮುಚ್ಚಳ 82 ಇರ್ತದೆ, ಆ 2 ಮಿ.ಮೀ. ಮೇಲೆಯೇ ಮುಚ್ಚಳ ಕೂರುವುದು. ಕಾರ್ಡ್ ಶೀಟಿನ ದಪ್ಪ 0.4 ಅಂದುಕೊಳ್ಳಿ. ಡಬ್ಬಿಯ ಗೋಡೆ, ಮುಚ್ಚಳದ ಗೋಡೆ, ಮುಚ್ಚಳದ ಒಳಗೆ ಎರಡೂ ಬದಿಗೆ ಅಂಟಿಸುವ ಕಿವಿ, ಎಲ್ಲ ಸೇರಿ 1.6 ತಿಂದು ಹಾಕ್ತದೆ. ಉಳಿಯುವುದು 0.4, ಅದು ಸಾಕು. ಈಗ ಆ 2 ಮಿ.ಮೀ. ಕುಗ್ಗಿ 1.4 ಆಯ್ತು. ಕಾರ್ಡಿನ ದಪ್ಪ ಕುಗ್ಗಿತಾ? ಇಲ್ಲ. ಮುಚ್ಚಳ ಒತ್ತಿದರೆ ಮೂಲೆ ಹರೀತದೆ.

ಇದನ್ನೆಲ್ಲ ಬರೆದು ಕಳಿಸಿದೆ. ಅರ್ಧ ದಿನ ಕಳೆದು ಉತ್ತರ: "141 ಪರ್ಸೆಂಟಿಗೆ ಜೆರಾಕ್ಸ್ ಮಾಡಿಸಿ ಅಕ್ಕ." 71ಕ್ಕೆ ಇಳಿಸಿದ್ದನ್ನು ಮೊದಲಿನ ಅಳತೆಗೆ ತರುವುದೇ ಈ 141. ಅಂದ್ರೆ 71 ಮಾಡಿದ್ದು ಅವರಿಗೆ ಗೊತ್ತಿತ್ತು! ಲೆಕ್ಕ ಬಾಯಿಪಾಠ! ಆ ಮೆಸೇಜನ್ನು ಎಷ್ಟು ಸಲ ಓದಿದೆನೋ. ಮತ್ತೂ ಬುದ್ಧಿ ಇಲ್ಲದೆ ಮಾಡಿಸಿದೆ. ಜೆರಾಕ್ಸಿನ ಜೆರಾಕ್ಸ್ ಹೇಗಿರ್ತದೆ? ಗೆರೆಗಳೆಲ್ಲ ದಪ್ಪ, ಮಡಿಸುವ ಚುಕ್ಕಿಗೆರೆಯೂ ಕತ್ತರಿಸುವ ಗೆರೆಯೂ ಒಂದೇ ಥರ. ಪುಸ್ತಕವನ್ನು ಗಾಜಿನ ಮೇಲೆ ಒತ್ತಿದ ಕೂಡಲೇ ಬೆನ್ನಿನ ಅಂಟು ಬಿರಿದು ಎಂಟು ಹಾಳೆ ಕೈಗೆ ಬಂತು. ಅದಕ್ಕೆ ಉತ್ತರ: "ಹರಿದ ಪುಸ್ತಕ ವಾಪಸ್ ತಗೊಳ್ಳುವುದಿಲ್ಲ."

ಡ್ರಾಯಿಂಗ್ ಪುಸ್ತಕದ ಕಥೆ ಇನ್ನೂ ಕೆಟ್ಟದು. ಶೇಡಿಂಗ್ ಪಟ್ಟಿಯಲ್ಲಿ ಒಂಬತ್ತು ಚೌಕ, ಬಿಳಿಯಿಂದ ಕಪ್ಪಿಗೆ. ಎಳೆ ಬೂದಿ ಬಣ್ಣದ ಮೂರು ಚೌಕ ಪೂರ್ತಿ ಮಾಯ, ಕೊನೆಯ ಎರಡು ಒಂದೇ ಮಸಿ. 2ಎಚ್ ಪೆನ್ಸಿಲಿನ ತೆಳು ಗೆರೆ ಕಾಣುವುದೇ ಇಲ್ಲ. ಡ್ರಾಯಿಂಗಿನ ಲೋವರ್ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳು ಇದನ್ನು ನೋಡಿ ಶೇಡಿಂಗ್ ಕಲಿತರೆ ದೇವರೇ ಗತಿ. ಕಾಮಿಕ್ಸ್ ಪುಸ್ತಕದಲ್ಲಿ ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗ ಬೈಂಡಿಂಗಿನ ಒಳಗೆ ಹೂತು ಹೋಗಿದೆ. 0.5 ಮಿ.ಮೀ. ಪೆನ್ನಿನ ಗೆರೆ ಅಂತ ತೋರಿಸಿದ್ದು 0.3ರ ಹಾಗೆ ಕಾಣ್ತದೆ.

ಹಿಂಬದಿಯ ಐಎಸ್‌ಬಿಎನ್ ಆಮೇಲೆ ನೋಡಿದೆ, ಒಂದೊಂದು ಪುಸ್ತಕಕ್ಕೂ ಬೇರೆ ಬೇರೆ ಇರಬೇಕಾದ ಗುರುತಿನ ನಂಬರ್ ಅದು. ಮೂರು ಪುಸ್ತಕಕ್ಕೂ ಒಂದೇ ನಂಬರ್. ಒಂದೇ!

ದುಡ್ಡು ಹಾಕುವ ಮೊದಲು ಟೆಂಪ್ಲೇಟ್ ಪುಟದ ಮೇಲೆ ಸ್ಕೇಲ್ ಇಟ್ಟು ವಿಡಿಯೋ ಕಳಿಸಿ ಅಂತ ಕೇಳಿ. ಮುಖಪುಟದ ಫೋಟೋ ನಂಬಬೇಡಿ, ಶೇಡಿಂಗ್ ಪುಟದ್ದು ತರಿಸಿ. ಪುಸ್ತಕಕ್ಕೆ ಜಿಎಸ್‌ಟಿ ಕೇಳಿದವನ ಹತ್ತಿರ ಮತ್ತೆ ಮಾತೇ ಬೇಡ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ.

ಇವತ್ತು ಬೆಳಿಗ್ಗೆ ಬೇರೆ ಗ್ರೂಪಿನಲ್ಲಿ ಅದೇ ಮೆಸೇಜ್ ಬಂತು, ಅದೇ ಫೋಟೋ. ಈಗ 1,250 ಅಂತೆ, ಜಿಎಸ್‌ಟಿ ಬೇರೆ.